ಬೂದುಬಣ್ಣವೆಂಬ ಭ್ರಮೆ

ನಿವೃತ್ತರಾಗಿ ಮನೆಪಾಠ ಆರಂಭಿಸಿದ ತಂದೆಯವರಿಗಾಗಿ ಡೊಂಬಿವಲಿಯಲ್ಲಿ ಒಂದೇ ಬಣ್ಣದ ವಿಸಿಟಿಂಗ್ ಕಾರ್ಡುಗಳನ್ನು ಅಚ್ಚು ಹಾಕಿಸಿದೆ. ಭಾವಚಿತ್ರದಲ್ಲಿ ಕಣ್ಣು, ಹುಬ್ಬು, ಮೀಸೆಗಳೆಲ್ಲ ಕಲೆತು ಕಪ್ಪಾಗಿದ್ದವು. "ಇದು ಯಾರಪ್ಪಾ?" ಎಂದರು ತಂದೆ.

ತಪ್ಪು ನಾನು ಕೊಟ್ಟ ಚಿತ್ರದ್ದೇ. ಕಪ್ಪು ಶಾಯಿಯಿಂದ ಬೂದುಬಣ್ಣ ಹುಟ್ಟುವುದಿಲ್ಲ. ಹಿರಿಕಿರಿದಾದ ಚುಕ್ಕೆಗಳನ್ನು ನಮ್ಮ ಕಣ್ಣೇ ಬೂದುಬಣ್ಣವೆಂದು ಭ್ರಮಿಸುತ್ತದೆ. ಈ ಹಾಫ್‌ಟೋನ್ ವಿಧಾನಕ್ಕೆ ಜರ್ಮನಿಯ ಮೈಸೆನ್‌ಬಾಖ್ 1882ರಲ್ಲಿ ಪೇಟೆಂಟ್ ಪಡೆದ. 1895ರ ಹೊತ್ತಿಗೆ ಕಲ್ಕತ್ತೆಯಲ್ಲಿ ಸತ್ಯಜಿತ್ ರಾಯರ ಅಜ್ಜ ಉಪೇಂದ್ರಕಿಶೋರರು ಇದರಲ್ಲಿ ಸ್ವತಂತ್ರ ಪ್ರಯೋಗಗಳನ್ನು ಕೈಗೊಂಡು, ಮುಂದೆ ಲಂಡನ್ನಿನ ಪೆನ್‌ರೋಸ್ ವಾರ್ಷಿಕಕ್ಕೆ ಲೇಖನಗಳನ್ನು ಬರೆದರು. ನಮ್ಮ ಸೀಮೆಯ ದಾದಾಸಾಹೇಬ ಫಾಲ್ಕೆಯವರೂ ಚಲನಚಿತ್ರಕ್ಕೆ ಹೊರಳುವ ಮುನ್ನ ರವಿವರ್ಮ ಮುದ್ರಣಾಲಯದಲ್ಲಿ ದುಡಿದು, ಸ್ವಂತ ಅಚ್ಚುಕೂಟ ನಡೆಸಿದವರು.

ಸುದ್ದಿಪತ್ರಿಕೆಯ ಕಾಗದಕ್ಕೆ ಇಂಚಿಗೆ ಸುಮಾರು 85 ಸಾಲು ಚುಕ್ಕೆಗಳು ಸಾಕು. ನುಣುಪು ಕಾಗದ 133 ಅಥವಾ 150 ಸಾಲುಗಳನ್ನು ತಾಳಬಲ್ಲದು. ಒರಟು ಕಾಗದ ಶಾಯಿ ಹೀರಿದಾಗ ಚುಕ್ಕೆ ಹಿಗ್ಗುತ್ತದೆ, ನೆರಳು ಮುಚ್ಚಿಹೋಗುತ್ತದೆ. ಆದ್ದರಿಂದ ಚಿತ್ರವನ್ನು ಮೊದಲೇ ತುಸು ತಿಳಿಯಾಗಿಸಬೇಕು.

ಎರಡನೆಯ ಸಲ ಹಾಗೆಯೇ ಮಾಡಿದೆ. ಪರದೆಯ ಮೇಲೆ ಪೇಲವವಾಗಿದ್ದ ಮುಖ ಕಾಗದದ ಮೇಲೆ ತಂದೆಯವರದಾಯಿತು. ಅವರು ಕಾರ್ಡನ್ನು ಬೆಳಕಿಗೆ ಹಿಡಿದು, ಏನೂ ಹೇಳದೆ, ಜೇಬಿಗಿಳಿಸಿದರು.