ಅಂತಸ್ತು

ಅಂತಸ್ತು ಅನ್ನೋ ಮಾತಿಗೆ ನಮ್ಮ ನುಡಿಯಲ್ಲಿ ಎರಡು ಅರ್ಥ. ಒಂದು ಮನೆಯ ಮಹಡಿ, ಇನ್ನೊಂದು ಸಮಾಜದಲ್ಲಿ ಮನುಷ್ಯನಿಗಿರುವ ಸ್ಥಾನಮಾನ. ನಿಘಂಟು ಬರೆಯುವ ಪಂಡಿತರು ಎರಡನ್ನೂ ಒಂದರ ಕೆಳಗೊಂದು ಇಟ್ಟು ಸುಮ್ಮನಾಗುತ್ತಾರೆ. ಕೇರಿಯಲ್ಲಿ ಹುಟ್ಟಿದ ನಾವು ಸುಮ್ಮನಾಗುವ ಹಾಗಿಲ್ಲ. ಎರಡನೇ ಅರ್ಥದ ಅಂತಸ್ತು ಇಲ್ಲದವರಿಗೆ ಈ ದೇಶದಲ್ಲಿ ಮೊದಲನೇ ಅರ್ಥದ ಅಂತಸ್ತು ಕಟ್ಟುವ ಹಕ್ಕೂ ಇರಲಿಲ್ಲ.

ಪಠ್ಯಪುಸ್ತಕದಲ್ಲಿ ಅರಮನೆ, ಗೋಪುರ, ಕೋಟೆಗಳ ಚರಿತ್ರೆ ಉಂಟು. ಯಾರು ಎಷ್ಟು ಎತ್ತರ ಕಟ್ಟಬಾರದು ಅನ್ನುವ ಚರಿತ್ರೆ ಇಲ್ಲ. ಅದನ್ನು ನಾವೇ ಬರೆದುಕೊಳ್ಳಬೇಕು.

ತಿರುವಾಂಕೂರು ಸಂಸ್ಥಾನದಿಂದ ಶುರು ಮಾಡೋಣ. ಅಲ್ಲಿನ ನಾಡಾರರು, ಆಗ ಶಾಣಾರರೆಂದು ಕರೆಸಿಕೊಂಡವರು, ತಾಳೆಮರ ಹತ್ತಿ ಬದುಕಿದ ಜನ. ಅವರು ಕೊಡೆ ಹಿಡಿಯಬಾರದು, ಚಪ್ಪಲಿ ಮೆಟ್ಟಬಾರದು, ಚಿನ್ನ ಇಡಬಾರದು. ಹೆಂಗಸರು ಕೊಡವನ್ನು ಸೊಂಟದ ಮೇಲೆ ಹೊರಬಾರದು, ಎದೆ ಮುಚ್ಚಬಾರದು. ಇದೇ ಪಟ್ಟಿಯಲ್ಲಿ ಇನ್ನೊಂದು ಕಟ್ಟಳೆ: ಮನೆ ಒಂದು ಅಂತಸ್ತು ಮೀರಬಾರದು. ದಿನವೆಲ್ಲ ಮುಗಿಲೆತ್ತರದ ಮರ ಹತ್ತುವವನು ತನ್ನದೇ ಮನೆಯ ಮಹಡಿ ಹತ್ತುವಂತಿಲ್ಲ! ಅವರ ಹೆಣ್ಣುಮಕ್ಕಳು ದಶಕಗಳ ಕಾಲ ಹೊಡೆತ ತಿಂದು, ಬಟ್ಟೆ ಹರಿಸಿಕೊಂಡು, ಕಡೆಗೆ 1859ರಲ್ಲಿ ಮೈ ಮುಚ್ಚಿಕೊಳ್ಳುವ ಅಪ್ಪಣೆಯನ್ನು ಅರಮನೆಯಿಂದ ಕಿತ್ತುಕೊಂಡರು. ಮೈಮೇಲಿನ ಬಟ್ಟೆ, ತಲೆಮೇಲಿನ ಸೂರು, ಎರಡಕ್ಕೂ ಅಳತೆ ಹಿಡಿದದ್ದು ಒಂದೇ ಜಾತಿಯ ಗಜಕಡ್ಡಿ.

ಇದು ಒಂದು ಸೀಮೆಯ ಮಾತಲ್ಲ. ಹಿಂದೂ ಹಳ್ಳಿಯ ಕಾನೂನುಗಳನ್ನು ಅಂಬೇಡ್ಕರ್ ಒಂದು ಕಡೆ ಪಟ್ಟಿ ಮಾಡಿದ್ದಾರೆ. ಅಸ್ಪೃಶ್ಯರ ವಾಸ ಊರಾಚೆ ಇರಬೇಕು, ಅದೂ ತೆಂಕಣ ದಿಕ್ಕಿನಲ್ಲಿ. ಹೊಲ, ದನ ಗಳಿಸುವುದು ಅಪರಾಧ. ಹೆಂಚಿನ ಮನೆ ಕಟ್ಟುವುದು ಅಪರಾಧ. ಮಹಡಿಯ ಮಾತು ಹಾಗಿರಲಿ, ಹುಲ್ಲು ತೆಗೆದು ಹೆಂಚು ಹೊದಿಸಿದರೂ ಊರಿಗೆ ಕೋಪ. ಹುಲ್ಲಿನ ಗುಡಿಸಲಿಗೆ ಒಂದು ಬೆಂಕಿಕಡ್ಡಿ ಸಾಕು. ಅದು ಊರಿನವರಿಗೆ ಚೆನ್ನಾಗಿ ಗೊತ್ತಿತ್ತು.

ಹೆಂಚಿನ ಕಥೆಯಲ್ಲಿ ನಮ್ಮ ಕರಾವಳಿಯದೂ ಒಂದು ಪುಟ ಇದೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆಗೆದರು. ನೇತ್ರಾವತಿ ದಂಡೆಯ ಜೇಡಿಮಣ್ಣನ್ನು ಯಂತ್ರದಲ್ಲಿ ಒತ್ತಿ ಸುಟ್ಟ ಹೆಂಚು ಹಡಗು ಹತ್ತಿ ದೂರದೂರ ಹೋಯಿತು. ಆ ಮಣ್ಣು ತುಳಿದವರು ಯಾರು? ಜಾತಿ ಬಿಟ್ಟದ್ದಕ್ಕೆ ಒಕ್ಕಲು ಕಳೆದುಕೊಂಡು ಬಂದ ಕೆಳಜಾತಿಯ ದುಡಿಮೆಗಾರರು. ಮಹಡಿ ಮನೆಗಳನ್ನು ಕಟ್ಟಿದ ಕೈಗಳು ಯಾವತ್ತೂ ಮಹಡಿ ಇಲ್ಲದವರ ಕೈಗಳೇ. ಇವತ್ತಿಗೂ ಗಾರೆ ಕಲಸಿ, ಇಟ್ಟಿಗೆ ಹೊತ್ತು, ಬಿದಿರಿನ ಸಾರುವೆ ಮೇಲೆ ನಿಂತವರು ಬಹುಪಾಲು ನಮ್ಮವರೇ ತಾನೇ?

1920ರ ಜನವರಿ 31ರಂದು ಅಂಬೇಡ್ಕರ್ 'ಮೂಕನಾಯಕ' ಪತ್ರಿಕೆ ಶುರು ಮಾಡಿದರು. ಮೊದಲ ಸಂಚಿಕೆಯಲ್ಲೇ ಅವರು ಹಿಂದೂ ಸಮಾಜವನ್ನು ಹಲವು ಅಂತಸ್ತಿನ ಗೋಪುರಕ್ಕೆ ಹೋಲಿಸಿದರು. ಒಂದೊಂದು ಅಂತಸ್ತು ಒಂದೊಂದು ಜಾತಿ. ಮೆಟ್ಟಿಲು ಮಾತ್ರ ಇಲ್ಲ. ಯಾವ ಅಂತಸ್ತಿನಲ್ಲಿ ಹುಟ್ಟಿದೆಯೋ ಅಲ್ಲೇ ಸಾಯಬೇಕು. ಹೀಗೆ ಬರೆದ ಮನುಷ್ಯ ಸ್ವತಃ ಪರೇಲಿನ ಚಾಳಿನ ಎರಡು ಕೋಣೆಗಳಲ್ಲಿ 20 ವರ್ಷಕ್ಕೂ ಮಿಕ್ಕಿ ಬಾಳಿದವರು. ಬರೋಡಾದಲ್ಲಿ ದೊಡ್ಡ ಕೆಲಸವಿದ್ದರೂ ಇರಲಿಕ್ಕೆ ಮನೆ ಸಿಗದೆ ಮರದ ಕೆಳಗೆ ಕೂತು ಅತ್ತವರು. 1930ರ ದಶಕದ ಮೊದಲಲ್ಲಿ ಅವರು ಮುಂಬಯಿಯ ದಾದರಿನಲ್ಲಿ ಸ್ವಂತ ಮನೆ ಕಟ್ಟಿಸಿದರು. ಆ ಬಡಾವಣೆಯ ಹೆಸರೇ ಹಿಂದೂ ಕಾಲೊನಿ! ಮನೆಗೆ ಇಟ್ಟ ಹೆಸರು ರಾಜಗೃಹ, ಬುದ್ಧನ ಕಾಲದ ಮಗಧದ ರಾಜಧಾನಿ. ಮೇಲಂತಸ್ತಿನಲ್ಲಿ ಏನಿಟ್ಟರು? ಬಂಗಾರ ಅಲ್ಲ, ಪುಸ್ತಕ. ಓದುವ ಕೋಣೆ, ಬರೆಯುವ ಕೋಣೆ. 2020ರ ಜುಲೈ 7ರಂದು ಆ ಮನೆಯ ಕಿಟಕಿ, ಹೂಕುಂಡಗಳನ್ನು ಒಡೆದು ಹಾಕಿದರು. ಸತ್ತು 63 ವರ್ಷ ಕಳೆದರೂ ಆತನ ಮಹಡಿ ಯಾರದೋ ಕಣ್ಣು ಚುಚ್ಚುತ್ತಿತ್ತು.

ಕಾನೂನು ಇಲ್ಲವೇ? ಇದೆ. 1955ರ ಅಸ್ಪೃಶ್ಯತೆ ಅಪರಾಧಗಳ ಕಾಯ್ದೆಯ 4ನೇ ಕಲಮು ಯಾವುದೇ ಬಡಾವಣೆಯಲ್ಲಿ ಮನೆ ಕಟ್ಟಲು, ಕೊಳ್ಳಲು, ವಾಸಿಸಲು ಅಸ್ಪೃಶ್ಯತೆಯ ಹೆಸರಿನಲ್ಲಿ ಅಡ್ಡಿ ಮಾಡುವುದನ್ನು ಅಪರಾಧ ಅಂತ ಬರೆದಿದೆ. ಅಡ್ಡಿ ಇಲ್ಲದಿದ್ದರೆ ಆ ಮಾತನ್ನು ಬರೆಯಬೇಕಾಗಿಯೇ ಇರಲಿಲ್ಲ. ಬರೆದ ಮೇಲೆ ಅಡ್ಡಿ ನಿಂತಿತೇ? 1995ರ ಆಗಸ್ಟ್ 31ರಂದು ತಮಿಳುನಾಡಿನ ಕೊಡಿಯನ್‌ಕುಳಂ ಎಂಬ ದಲಿತರ ಊರಿಗೆ ನೂರಾರು ಪೊಲೀಸರು ನುಗ್ಗಿದರು. ಕೊಲ್ಲಿ ದೇಶಗಳಲ್ಲಿ ದುಡಿದು ಕಳಿಸಿದ ಹಣದಿಂದ ಗಟ್ಟಿ ಮನೆ ಕಟ್ಟಿಕೊಂಡಿದ್ದ ಊರು ಅದು. ಬಾಗಿಲು ಮುರಿದರು, ಟೀವಿ ಒಡೆದರು, ಪಾಸ್‌ಪೋರ್ಟು ಸುಟ್ಟರು. 2006ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ಖೈರ್ಲಾಂಜಿಯಲ್ಲಿ ಒಂದೇ ಮನೆಯ ನಾಲ್ವರನ್ನು ಕೊಂದರು. ಗುಡಿಸಲನ್ನು ಇಟ್ಟಿಗೆ ಮನೆ ಮಾಡಿಕೊಳ್ಳಲು ಆ ಕುಟುಂಬಕ್ಕೆ ಊರು ಬಿಟ್ಟಿರಲಿಲ್ಲ. ಬಡವನಾಗಿ ಬಿದ್ದಿದ್ದರೆ ಕನಿಕರ, ಎದ್ದು ನಿಂತರೆ ಕೊಡಲಿ.

ಈಗ ನಮ್ಮ ಕೇರಿಗಳ ಕಡೆ ನೋಡೋಣ. 1970ರ ದಶಕದಲ್ಲಿ ದೇವರಾಜ ಅರಸು ಸರ್ಕಾರದ ಕಾಲಕ್ಕೆ ನಿವೇಶನ, ಹಕ್ಕುಪತ್ರ, ಜನತಾ ಮನೆ ಬಂದವು. ಒಂದು ಕೋಣೆ, ಒಂದು ಒಲೆ. ಅವತ್ತು ಅದೇ ಅರಮನೆ. ಆಮೇಲೆ ಮಕ್ಕಳಾದರು, ಮೊಮ್ಮಕ್ಕಳಾದರು. ಒಂದೇ ಸೂರಿನಡಿ ಮೂರು ಸಂಸಾರ. ಓದೋ ಹುಡುಗಿಗೆ ದೀಪದ ಮೂಲೆ ಇಲ್ಲ. ಕೇರಿಯ ಸುತ್ತ ಊರಿನವರ ಹೊಲ. ಅಗಲಕ್ಕೆ ಜಾಗ ಇಲ್ಲ ಅಂದಮೇಲೆ ಎತ್ತರಕ್ಕೇ ಹೋಗಬೇಕು. ಹೋಗಲು ಹೊರಟರೆ ಎರಡು ಕಡೆಯಿಂದ ತಡೆ.

ಒಂದು ತಡೆ ನೆಲದ್ದು. ಅಗ್ಗಕ್ಕೆ ಕಟ್ಟಿದ ಮನೆಯ ತಳಪಾಯ ಆಳವಿಲ್ಲ. ಹಳೇ ಗೋಡೆಯ ಮೇಲೆ ಹೊಸ ಭಾರ ಹೊರಿಸಿದರೆ ಗೋಡೆ ಬಿರಿಯುತ್ತದೆ. ತಿಳಿದ ಮೇಸ್ತ್ರಿ ಮೊದಲು ಗೋಡೆ ಪಕ್ಕ ಗುಂಡಿ ತೋಡಿಸಿ ಪಾಯ ನೋಡುತ್ತಾನೆ. ಸಾಲದು ಅಂದರೆ ಹೊಸ ಪಾಯ ತೆಗೆಸಿ, ಪಿಲ್ಲರ್ ಎಬ್ಬಿಸಿ, ಮೇಲಿನ ಭಾರವನ್ನು ಅದಕ್ಕೆ ಕೊಡುತ್ತಾನೆ. ಸಾಲ ಮಾಡುವ ಮುಂಚೆ ಇದನ್ನು ನೋಡಿಸಿಯೇ ನೋಡಿಸಬೇಕು, ಪ್ರಾಣದ ಪ್ರಶ್ನೆ.

ಇನ್ನೊಂದು ತಡೆ ಕಣ್ಣಿನದು. ‘ಇವರಿಗೂ ಮಹಡಿ ಬೇಕಂತೆ’ ಅನ್ನೋ ಕಣ್ಣು. ಲೈಸೆನ್ಸ್ ಕೇಳಿದರೆ ನಾಳೆ ಬಾ, ಮರಳಿನ ಗಾಡಿಗೆ ದಾರಿ ಇಲ್ಲ, ಕೂಲಿಗೆ ಕರೆಯೋದಿಲ್ಲ. ಈ ತಡೆಯನ್ನು ಒಂಟಿ ಮನೆ ಎದುರಿಸಲಾರದು. ಸಂಘಟನೆ ಎದುರಿಸಬೇಕು.

ಅದಕ್ಕೇ ಹಳ್ಳಿಯ ಮೇಷ್ಟ್ರುಗಳಲ್ಲಿ, ವಿದ್ಯಾರ್ಥಿ ಗೆಳೆಯರಲ್ಲಿ ನಮ್ಮದೊಂದು ಮಾತು. ನಿಮ್ಮೂರ ಕೇರಿಯಲ್ಲಿ ಮೊದಲು ಹೆಂಚು ಹೊದಿಸಿದವರು ಯಾರು, ಮೊದಲ ಮಹಡಿ ಎದ್ದದ್ದು ಯಾವ ವರ್ಷ, ಆವತ್ತು ಊರು ಏನಂದಿತು, ಮುದುಕರನ್ನು ಕೇಳಿ ಬರೆದಿಡಿ. ಶಾಸನ ಇಲ್ಲದವರಿಗೆ ಅದೇ ಶಾಸನ.

ಕೇರಿಯ ಮನೆಗಳಲ್ಲಿ ಜಾಗ ಸಾಲದೆ ಮೆಟ್ಟಿಲನ್ನು ಹೊರಗಡೆ, ಬೀದಿಗೇ ಇಡುತ್ತಾರೆ. ಅದು ಹಾಗೇ ಇರಲಿ. ನಾವು ಏರಬೇಕಾದ ಅಂತಸ್ತು ಇನ್ನೊಬ್ಬರ ತಲೆ ಮೇಲಿನದಲ್ಲ. ಕೆಳಗಿನ ಮನೆಯವರೂ, ಪಕ್ಕದ ಮನೆಯವರೂ ಹತ್ತಿ ಬಂದು ಓದಲಿಕ್ಕೆ ಕೂರುವಂಥದು. ಮೆಟ್ಟಿಲೇ ಇಲ್ಲದ ಆ ಹಳೇ ಗೋಪುರಕ್ಕೆ ನಾವು ಕೊಡುವ ಉತ್ತರ ಅದೇ.