ಕಿಲುಬಿನೊಳಗಿನ ಜೋಡಿ

ತಾಮ್ರದ ಪಾತ್ರೆಯಲ್ಲಿ ಮಜ್ಜಿಗೆ ಇಡಬಾರದೆಂದು ಮನೆಯ ಹಿರಿಯರು ಹೇಳಿದ್ದನ್ನು ನೀವು ಕೇಳಿರುತ್ತೀರಿ. ಹುಳಿ ತಾಗಿದ ತಾಮ್ರ ಕಿಲುಬು ಹಿಡಿಯುತ್ತದೆ. ಆ ಹುಳಿ ವಿನಿಗರ್‌ನಲ್ಲಿರುವ ಅಸಿಟಿಕ್ ಆಮ್ಲವಾಗಿದ್ದರೆ ಸಿಗುವ ಹಸಿರು-ನೀಲಿ ಪದಾರ್ಥ ತಾಮ್ರದ ಅಸಿಟೇಟುಗಳ ಗುಂಪಿಗೆ ಸೇರಿದ್ದು. ಫ್ರಾನ್ಸಿನ ಮಾಂಪೆಲಿಯೇ ಪಟ್ಟಣದಲ್ಲಿ 18ನೆಯ ಶತಮಾನದಲ್ಲಿ ಇದೊಂದು ಗೃಹ ಕೈಗಾರಿಕೆಯೇ ಆಗಿತ್ತು. ತಾಮ್ರದ ತಗಡುಗಳನ್ನು ಹುಳಿತ ದ್ರಾಕ್ಷಿ ಹಿಪ್ಪೆಯೊಡನೆ ನೆಲಮಾಳಿಗೆಯಲ್ಲಿಟ್ಟು, ಮೂಡಿದ ಕಿಲುಬನ್ನು ಹೆಂಗಸರು ಕೆರೆದು ಬಣ್ಣಕ್ಕೆಂದು ಮಾರುತ್ತಿದ್ದರು.

ಈ ಸಾಮಾನ್ಯ ಲವಣ ಭೌತವಿಜ್ಞಾನಿಗಳ ಕೈಗೆ ಹೇಗೆ ಬಂತು? ಎಂ.ಎಸ್ಸಿ. ಓದುವಾಗ ಗೂಯ್ ತಕ್ಕಡಿಯಲ್ಲಿ ನಾನು ಅದರ ಕಾಂತ ಮಹತ್ವವನ್ನು ಅಳೆದೆ. ತಾಮ್ರದ ಸಲ್ಫೇಟು ಸುಮಾರು 1.9 ಬೋರ್ ಮ್ಯಾಗ್ನೆಟಾನ್ ಕೊಟ್ಟಿತ್ತು. ಅಸಿಟೇಟು ಕೊಟ್ಟದ್ದು 1.4. ಒಂಟಿ ಇಲೆಕ್ಟ್ರಾನಿನ ಗಿರಕಿಯೊಂದರಿಂದಲೇ 1.73 ಬರಬೇಕು! ನಳಿಗೆಯಲ್ಲಿ ಪುಡಿ ಸರಿಯಾಗಿ ತುಂಬಿಲ್ಲವೆಂದು ಮೂರು ಸಲ ತುಂಬಿದೆ. ನಾಲ್ಕನೆಯ ಸಲ, ನಾಚಿಕೆಯಿಂದ ಹೇಳುತ್ತೇನೆ, ಉತ್ತರವನ್ನು 1.8ಕ್ಕೆ 'ತಿದ್ದಿ' ದಾಖಲೆ ಪುಸ್ತಕ ಒಪ್ಪಿಸಿದೆ. ಸಹಿಯೂ ಬಿತ್ತು.

ನಾನು ಅಳಿಸಿ ಹಾಕಿದ ಆ 1.4 ಸರಿಯಾದ ಬೆಲೆಯೇ ಆಗಿತ್ತು. ಸಾಮಾನ್ಯ ಅನುಕಾಂತ ವಸ್ತುವನ್ನು ತಣಿಸಿದಂತೆ ಅದರ ಕಾಂತಪ್ರವಣತೆ ಏರಬೇಕು. ಇದು ಕ್ಯೂರಿ ನಿಯಮ. 1951ರಲ್ಲಿ ಬಿ. ಸಿ. ಗುಹ ಪ್ರಕಟಿಸಿದ ಅಳತೆಗಳಲ್ಲಿ ತಾಮ್ರದ ಅಸಿಟೇಟು ಇದಕ್ಕೆ ತಿರುಗಿಬಿದ್ದಿತ್ತು. ಕೊಠಡಿಯ ಉಷ್ಣತೆಯ ಆಸುಪಾಸಿನಲ್ಲಿ ಗರಿಷ್ಠ ಮುಟ್ಟಿದ ಪ್ರವಣತೆ, ತಣಿಸಿದಂತೆ ಸರಸರನೆ ಇಳಿಯಿತು. ಬಹಳ ತಣಿಸಿದರೆ ಹರಳು ಹೆಚ್ಚು ಕಡಿಮೆ ಕಾಂತಗುಣವನ್ನೇ ಕಳೆದುಕೊಳ್ಳುವ ಸೂಚನೆ ಅದರಲ್ಲಿತ್ತು.

ಮರುವರ್ಷ ಆಕ್ಸ್‌ಫರ್ಡಿನ ಬ್ಲೀನಿ ಮತ್ತು ಬವರ್ಸ್ ಇದೇ ಹರಳನ್ನು ಇಲೆಕ್ಟ್ರಾನ್ ಗಿರಕಿ ಅನುರಣನದಿಂದ ಪರೀಕ್ಷಿಸಿದರು. ತಾಮ್ರದ ಅಯಾನಿನ ಗಿರಕಿ ಅರ್ಧ. ರೋಹಿತ ಮಾತ್ರ ಗಿರಕಿ ಒಂದು ಇರುವ ಅಯಾನಿನದರಂತಿತ್ತು, ತಣಿಸಿದರೆ ಮಂಕಾಗುತ್ತಿತ್ತು. ಅವರ ವಿವರಣೆ ಹೀಗಿದೆ. ತಾಮ್ರದ ಅಯಾನುಗಳು ಇಲ್ಲಿ ಒಂಟಿಯಾಗಿಲ್ಲ, ಜೋಡಿಯಾಗಿವೆ. ಜೋಡಿಯ ಎರಡು ಗಿರಕಿಗಳು ಎದುರುಬದುರಾದರೆ ಕಾಂತಗುಣ ಶೂನ್ಯ, ಶಕ್ತಿಯೂ ಕನಿಷ್ಠ. ಒಂದೇ ದಿಕ್ಕಿಗಿದ್ದರೆ ಒಟ್ಟು ಗಿರಕಿ ಒಂದು, ಶಕ್ತಿ ತುಸು ಹೆಚ್ಚು. ಈ ಎರಡು ಸ್ಥಿತಿಗಳ ಅಂತರ ಕೊಠಡಿಯ ಉಷ್ಣಶಕ್ತಿಗೆ ಹೋಲಿಸಬಹುದಾದಷ್ಟೇ. ಆದ್ದರಿಂದ ಬೆಚ್ಚಗಿರುವಾಗ ಹಲವು ಜೋಡಿಗಳು ಮೇಲಿನ ಸ್ಥಿತಿಯಲ್ಲಿರುತ್ತವೆ, ತಣಿಸಿದಾಗ ಕೆಳಗಿಳಿದು ಮೌನವಾಗುತ್ತವೆ. ತಾಮ್ರದ ಬೀಜದ ಗಿರಕಿ 3/2. ಎರಡು ಬೀಜಗಳು ಸೇರಿದರೆ ಒಂದು ಗೆರೆ ಏಳಾಗಿ ಒಡೆಯಬೇಕು. ಒಡೆಯುತ್ತದೆ ಕೂಡ.

ಗಮನಿಸಿ, ಆಗಿನ್ನೂ ಈ ಹರಳಿನ ರಚನೆ ತಿಳಿದಿರಲಿಲ್ಲ. 1953ರಲ್ಲಿ ಫಾನ್ ನೀಕರ್ಕ್ ಮತ್ತು ಸ್ಕೋನಿಂಗ್ ಕ್ಷಕಿರಣಗಳಿಂದ ಅದನ್ನು ಬಿಡಿಸಿದಾಗ ಜೋಡಿ ನಿಜವಾಗಿಯೂ ಅಲ್ಲಿತ್ತು. ಎರಡು ತಾಮ್ರಗಳ ನಡುವೆ 2.64 ಆಂಗ್‌ಸ್ಟ್ರಾಮ್, ಸುತ್ತಲೂ ನಾಲ್ಕು ಅಸಿಟೇಟು ಸೇತುವೆಗಳು, ಎರಡು ತುದಿಗೆ ಒಂದೊಂದು ನೀರಿನ ಅಣು. ಲೋಹದ ತಾಮ್ರದಲ್ಲೇ ಈ ಅಂತರ 2.56. ಇಷ್ಟು ಹತ್ತಿರವಿದ್ದ ಮೇಲೆ ತಾಮ್ರ-ತಾಮ್ರ ಬಂಧವಿರಬೇಕೆಂದು 1956ರಲ್ಲಿ ಫಿಗ್ಗಿಸ್ ಮತ್ತು ಮಾರ್ಟಿನ್ ವಾದಿಸಿದರು. ಮುಂದೆ ಬಂದ ಫಾರ್ಮೇಟು ಜೋಡಿಗಳಲ್ಲಿ ತಾಮ್ರಗಳು ಇನ್ನೂ ದೂರವಿದ್ದರೂ ಗಿರಕಿಗಳ ಬೆಸುಗೆ ಹೆಚ್ಚು ಬಿಗಿಯಾಗಿತ್ತು. ಗಿರಕಿಗಳು ಮಾತಾಡಿಕೊಳ್ಳುವುದು ಮುಖ್ಯವಾಗಿ ಕಾರ್ಬಾಕ್ಸಿಲೇಟು ಸೇತುವೆಯ ಮೂಲಕ ಎಂಬುದೇ ಈಗ ಒಪ್ಪಿತವಾದ ಮಾತು.

ಅದೇ ಚೌಕಟ್ಟಿನಲ್ಲಿ ತಾಮ್ರದ ಬದಲು ಕ್ರೋಮಿಯಮ್ ಇಟ್ಟರೆ ಕತೆಯೇ ಬೇರೆ. 1844ರಲ್ಲಿ ಪೆಲಿಗೊ ತಯಾರಿಸಿದ ಕ್ರೋಮಸ್ ಅಸಿಟೇಟು ಕೆಂಪು, ಅದಕ್ಕೆ ಅನುಕಾಂತ ಗುಣವಿಲ್ಲ. 1964ರಲ್ಲಿ ಕಾಟನ್ ರೀನಿಯಮ್ ಸಂಯುಕ್ತವೊಂದರಲ್ಲಿ ಚತುರ್ಬಂಧವನ್ನು ಗುರುತಿಸಿದ ನಂತರವೇ ಇದರ ಗುಟ್ಟೂ ಬಯಲಾದದ್ದು. ಎರಡು ಕ್ರೋಮಿಯಮ್‌ಗಳ ಅಂತರ ಇಲ್ಲಿ ಸುಮಾರು 2.36 ಆಂಗ್‌ಸ್ಟ್ರಾಮ್.

1973ರಲ್ಲಿ ಬ್ರೌನ್ ಮತ್ತು ಆರ್. ಚಿದಂಬರಂ ನ್ಯೂಟ್ರಾನ್ ವಿವರ್ತನೆಯಿಂದ ತಾಮ್ರದ ಅಸಿಟೇಟಿನ ರಚನೆಯನ್ನು ಮತ್ತೆ ಅಳೆದರು. ಕ್ಷಕಿರಣಕ್ಕೆ ಸರಿಯಾಗಿ ಕಾಣದ ಹೈಡ್ರೊಜನ್ ಪರಮಾಣುಗಳ ನೆಲೆಯೂ ಸಿಕ್ಕಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾಕ್ಟರೇಟ್ ಪಡೆದ ಈ ಚಿದಂಬರಂ ಅವರೇ ಮುಂದೆ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾದವರು. ಇಷ್ಟು ಹೊತ್ತೂ ಹೇಳಿದ ಲವಣಗಳಲ್ಲಿ ಲೋಹ ಅಂಟಿಕೊಂಡಿರುವುದು ಆಕ್ಸಿಜನ್ನಿಗೆ, ಕಾರ್ಬನ್ನಿಗಲ್ಲ; ರಸಾಯನ ವಿಜ್ಞಾನಿ ಮಿತ್ರರು ಇವನ್ನು ಆರ್ಗನೊಮೆಟಾಲಿಕ್ ಎಂದು ಒಪ್ಪುವುದಿಲ್ಲ. ಆದರೆ ಅದೇ 1973ರಲ್ಲಿ ಬೆಲ್ಜಿಯಮ್ಮಿನ ಟೆಸಿಯೇ ತಂಡ ಇದೇ ಚೌಕಟ್ಟಿನ ರೋಡಿಯಮ್ ಅಸಿಟೇಟನ್ನು ಡಯಾಜೊ ಸಂಯುಕ್ತಗಳ ಕ್ರಿಯೆಗೆ ವೇಗವರ್ಧಕವಾಗಿ ಬಳಸಿತು. ಅಲ್ಲಿ ತುದಿಯ ಖಾಲಿ ಜಾಗಕ್ಕೆ ಬಂದು ಕೂರುವುದು ಕಾರ್ಬನ್ನೇ.

ನಿಮ್ಮ ಕಾಲೇಜಿನಲ್ಲಿ ಗೂಯ್ ತಕ್ಕಡಿ ಇದ್ದರೆ ಸಲ್ಫೇಟು, ಅಸಿಟೇಟು ಎರಡನ್ನೂ ಅಳೆಯಿಸಿ. ಪ್ರತಿ ತಾಮ್ರಕ್ಕೆ ಲೆಕ್ಕ ಹಾಕಿದರೆ ಅಸಿಟೇಟಿನ ಪ್ರವಣತೆ ಸಲ್ಫೇಟಿನದರ ಅರ್ಧಕ್ಕಿಂತ ತುಸು ಹೆಚ್ಚು ಬರಬೇಕು. ದಾಖಲೆ ಪುಸ್ತಕದಲ್ಲಿ ಯಾರಾದರೂ 1.8 ಎಂದು ಬರೆದು ತಂದರೆ ಸಹಿ ಹಾಕುವ ಮುನ್ನ ಹರಿದ ಕಾಗದಗಳನ್ನೊಮ್ಮೆ ಕೇಳಿ ನೋಡಿ.