ಮಹಶೀರ್ ಗಾಳ, ಕಾವೇರಿ

ಕಾವೇರಿಯ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿ ಶಿಬಿರಗಳಲ್ಲಿ ಸ್ಥಳೀಯ ಗೈಡ್‌ಗಳ ನೆರವಿನಿಂದ ನಡೆಯುತ್ತಿದ್ದ, ಹಿಡಿದ ಮಹಶೀರ್ ಮೀನನ್ನು ಮತ್ತೆ ನೀರಿಗೇ ಬಿಡುವ ಕ್ರೀಡೆ. ಪಾಶ್ಚಾತ್ಯ ನದಿಗಳ ಟ್ರೌಟ್ ಗಾಳಕ್ಕೆ ಕನ್ನಡನಾಡಿನ ಸಾಟಿ ಇದೇ. ಟ್ರೌಟ್‌ಗೆ ತಣ್ಣನೆಯ ನೀರು ಬೇಕು; ಇಲ್ಲಿನ ಬೆಚ್ಚಗಿನ ಹೊಳೆಯಲ್ಲಿ ಅದು ಬದುಕದು. ಟ್ರೌಟ್‌ಗೆ ಕೃತಕ ನೊಣ ಕಟ್ಟಿದರೆ, ಇಲ್ಲಿ ಗಾಳಕ್ಕೆ ಹೆಚ್ಚಾಗಿ ರಾಗಿ ಹಿಟ್ಟಿನ ಉಂಡೆ ಇರುತ್ತಿತ್ತು; ದೋಣಿಯ ಬದಲು ಹರಿಗೋಲು. ಮಡು, ಸೆಳವು, ಬಂಡೆಗಳ ಗುಟ್ಟು ಬಲ್ಲ ಗೈಡ್ ಇಲ್ಲದೆ ಈ ಆಟ ಸಾಗುತ್ತಿರಲಿಲ್ಲ.

ಈ ಕ್ರೀಡೆಯ ನಿಜವಾದ ಬೆಲೆ ಅದರ ದಾಖಲೆಗಳಲ್ಲಿದೆ. ಗಾಲಿಬೋರೆಯಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕ ಎರಡು ಸಂಗತಿ ತಿಳಿಸಿತು: ಕಾವಲಿದ್ದ ಹರಿವಿನಲ್ಲಿ ಒಟ್ಟು ಮಹಶೀರ್ ಸಂಖ್ಯೆ ಏರಿತು, ಆದರೆ ಕಾವೇರಿ ಕೊಳ್ಳಕ್ಕೇ ಸೀಮಿತವಾದ ಡುಬ್ಬದ ಮಹಶೀರ್ ಕುಸಿಯಿತು. ಹೊರಗಿನಿಂದ ತಂದು ಬಿಟ್ಟ ನೀಲಿರೆಕ್ಕೆಯ ತಳಿ ಅದರ ಜಾಗವನ್ನು ಆಕ್ರಮಿಸಿದ್ದೇ ಕಾರಣವಿರಬೇಕೆಂಬುದು ಸಂಶೋಧಕರ ಊಹೆ. 2018ರಲ್ಲಿ ಡುಬ್ಬದ ಮಹಶೀರನ್ನು ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿಸಲಾಯಿತು. ಬಿಟ್ಟರೂ ಮೀನಿಗೆ ನೋವು ತಪ್ಪದು, ಅಭಯಾರಣ್ಯದಲ್ಲಿ ಗಾಳವೂ ಬೇಟೆಯೇ ಎಂಬ ಆಕ್ಷೇಪ ನ್ಯಾಯವಾದದ್ದು. 1972ರ ವನ್ಯಜೀವಿ ಕಾಯ್ದೆಯ ನೆಲೆಯಲ್ಲೇ ಅಭಯಾರಣ್ಯದೊಳಗಿನ ಈ ಶಿಬಿರಗಳಲ್ಲಿ ಗಾಳ ನಿಂತಿತು. ಆದರೆ ಗಾಳ ನಿಂತ ಮಾತ್ರಕ್ಕೆ ಸಿಡಿಮದ್ದು ಹಾಕುವ ಕಳ್ಳಬೇಟೆ ನಿಲ್ಲದು. ನಿಷೇಧ ಉಳಿಯಲಿ, ಗೈಡ್‌ಗಳ ಕಣ್ಗಾವಲು ಮತ್ತು ಲೆಕ್ಕಪುಸ್ತಕಕ್ಕೆ ಬದಲಿ ವ್ಯವಸ್ಥೆಯೂ ಅಷ್ಟೇ ಅಗತ್ಯ.